ಎರಡು ಬಕೆಟ್ಟಿನ ವಾಡೊ

ಕಸ ಬಿಡಿಸಿ ನೋಡುವ ಕೆಲಸಕ್ಕೆ ಈಗ ಪರಿಸರ ವಿಜ್ಞಾನ ಓದಿದ ಹುಡುಗಿಯರು ಬರುತ್ತಿದ್ದಾರೆ. ನನ್ನ ನಾದಿನಿಯ ಮಗಳೂ ಅವರಲ್ಲಿ ಒಬ್ಬಳು. ಕೆಲಸಕ್ಕೆ ಹಾಜರಾಗುವ ಮುಂಚೆ ನನ್ನ ಹತ್ತಿರ ಬಂದು, "ಅತ್ತಿ, ನಿಮ್ಮ ಕಾಲದಾಗ ಹೆಂಗ ಮಾಡ್ತಿದ್ರಿ? ಚಲೋ ಚಲೋದಷ್ಟ ಹೇಳಬ್ಯಾಡ್ರಿ, ಖರೇ ಹೇಳ್ರಿ" ಎಂದಳು. ಹೇಳುತ್ತ ಕೂತರೆ ದಾರಿ ತಪ್ಪುತ್ತೇನೆಂದು ಬರೆದಿಡುತ್ತಿದ್ದೇನೆ.

ಮೊದಲು ವಾಸನೆಯ ಮಾತು, ಎಲ್ಲರೂ ಅದನ್ನೇ ಕೇಳುತ್ತಾರೆ. ವಾಸನೆಗೆ ಮೂಗು ಬೇಗ ಒಗ್ಗುತ್ತದೆ. ಒಗ್ಗದಿರುವುದು ಬೇರೆಯೇ. ಇಡೀ ಊರಿನ ಕಸ ನೋಡಿ, ಇದಕ್ಕೆ ಹೀಗೆ ಮಾಡಬಹುದು ಎಂದು ತಿಳಿದ ಮೇಲೂ ಅದು ಆಗದೆ ಹೋಗುವುದನ್ನು ನೋಡುತ್ತ ಕೂರುವುದಿದೆಯಲ್ಲ, ಅದು ನನಗೆ ನಿವೃತ್ತಿಯವರೆಗೂ ಒಗ್ಗಲಿಲ್ಲ.

ನನ್ನ ಅಪ್ಪ ಗದಗಿನ ಕಡೆಯಿಂದ ಗೋವಾದ ಸಾವರ್ಡೆಗೆ ಬಂದು ಅದಿರು ತುಂಬುವ ಕೆಲಸಕ್ಕೆ ನಿಂತವನು. ನನ್ನನ್ನು ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿ ಬಿಟ್ಟು ಓದಿಸಿದ. ರಸಾಯನಶಾಸ್ತ್ರ ಓದಿದವಳು ಮಡ್ಕಯಿಯ ಯಾವುದಾದರೂ ಕಾರ್ಖಾನೆಯಲ್ಲಿ ಬಿಳಿ ಕೋಟು ಹಾಕಿಕೊಂಡು ನಿಲ್ಲುತ್ತಾಳೆಂದು ಅವನ ಎಣಿಕೆ. ಎಂಬತ್ತರ ದಶಕದ ಕೊನೆಯ ವರ್ಷಗಳು ಅವು. ನನಗೆ ಸಿಕ್ಕಿದ್ದು ದಕ್ಷಿಣ ಗೋವಾದ ಒಂದು ಪುರಸಭೆಯ ಆರೋಗ್ಯ ವಿಭಾಗದಲ್ಲಿ ಪರೀಕ್ಷಾ ಸಹಾಯಕಿಯ ಕೆಲಸ. ಊರಿನ ಹೆಸರು ಬೇಡ, ಆಗಿನವರು ಇನ್ನೂ ಅಲ್ಲಲ್ಲಿ ಇದ್ದಾರೆ. ಏನು ಪರೀಕ್ಷೆ ಎಂದು ಅಪ್ಪ ಕೇಳಿದ. ಮನೆಮನೆಯ ಕಸ ತಂದು, ಅದರಲ್ಲಿ ಏನೇನು ಎಷ್ಟೆಷ್ಟಿದೆ ಎಂದು ನೋಡುವುದು ಎಂದೆ.

"ಕಾಲೇಜ ಕಲಿಸಿದ್ದು ಕಸಾ ಬಳ್ಯಾಕೇನ?" ಎಂದು ಅವತ್ತು ಊಟ ಬಿಟ್ಟು ಎದ್ದವನು, ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಊರ ಹೊರಗಿನ ಇಳಿಜಾರಿನಲ್ಲಿ ಕಸ ಸುರಿಯುತ್ತಿದ್ದರು. ಅದು ತುಂಬುತ್ತ ಬಂದಿತ್ತು. ಹೊಸ ಜಾಗ ಹುಡುಕುವ ಮುಂಚೆ, ಈ ಕಸದಲ್ಲಿ ಗೊಬ್ಬರವಾಗುವುದು ಎಷ್ಟು, ಭಂಗಾರಿನವರಿಗೆ, ಅಂದರೆ ಗುಜರಿಯವರಿಗೆ, ಮಾರುವಂಥದು ಎಷ್ಟು, ಹೂಳಲೇಬೇಕಾದದ್ದು ಎಷ್ಟು ಎಂದು ತಿಳಿದುಕೊಳ್ಳೋಣ ಎಂಬ ವಿಚಾರ ನಮ್ಮ ಮೇಲಧಿಕಾರಿ ಶಿರೋಡ್ಕರ್ ಸಾಹೇಬರದು. ತೆಳ್ಳಗಿನ ಮನುಷ್ಯ, ಮಾತು ಕಡಿಮೆ, ಸಿಟ್ಟು ಬಂದಾಗ ಮಾತ್ರ ಕೊಂಕಣಿ ಬಿಟ್ಟು ಪೋರ್ಚುಗೀಸ್ ಬೈಗುಳ. ಕೆಲಸವನ್ನು ಅವರೇ ಕಲಿಸಿದರು. ಆರಿಸಿದ ಮನೆಗಳಿಂದ ಕಸ ತಂದು ತಾಡಪತ್ರಿಯ ಮೇಲೆ ಸುರಿಯಬೇಕು. ಸಲಿಕೆಯಿಂದ ಚೆನ್ನಾಗಿ ತಿರುವಿ ಗುಡ್ಡೆ ಮಾಡಬೇಕು. ಗುಡ್ಡೆಯನ್ನು ಚಪ್ಪಟೆ ಮಾಡಿ, ಹೋಳಿಗೆ ಕತ್ತರಿಸಿದಂತೆ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದದ್ದನ್ನು ಆಚೆ ಹಾಕಬೇಕು. ಮತ್ತೆ ತಿರುವುವುದು, ಮತ್ತೆ ಪಾಲು. ಕೈಯಿಂದ ಬಿಡಿಸುವಷ್ಟು ಉಳಿದ ಮೇಲೆ ಕೂತು ಬಿಡಿಸುವುದು: ಅಡಿಗೆಮನೆಯ ಕಸ, ಕಾಗದ, ಗಾಜು, ತಗಡು, ಬಟ್ಟೆ, ತೆಂಗಿನ ಚಿಪ್ಪು, ಮಣ್ಣು, ಹೀಗೆ ಒಂದೊಂದಕ್ಕೆ ಒಂದೊಂದು ಬುಟ್ಟಿ. ತೂಗುವುದು. ಸ್ವಲ್ಪ ಕಸವನ್ನು ಪ್ರಯೋಗಶಾಲೆಯ ಓವನ್ನಿನಲ್ಲಿ ಒಣಗಿಸಿ ಮತ್ತೆ ತೂಗಿದರೆ ಅದರಲ್ಲಿ ಎಷ್ಟು ನೀರಿತ್ತೆಂದು ತಿಳಿಯುತ್ತದೆ.

ಇಷ್ಟು ಕಲಿಸಿದ ಸಾಹೇಬರೇ ಮೊದಲ ಸಮೀಕ್ಷೆಯನ್ನು ಮಳೆಗಾಲದಲ್ಲಿ ಇಟ್ಟರು. ಗೋವಾದ ಆಷಾಢದ ಮಳೆ. ಮನೆಗಳ ಮುಂದಿನ ಡಬ್ಬಿಗಳಿಗೆ ಮುಚ್ಚಳವಿಲ್ಲ. ನಾವು ತಂದ ಚೀಲಗಳಿಂದ ನೀರು ಸೋರಿ ಶೆಡ್ಡೆಲ್ಲ ಹೊಳೆ. ಹಳೆಯ ಪತ್ರಿಕೆಗಳು ಮುದ್ದೆಯಾಗಿ ಬಂದವು, ಅವನ್ನು ಕಾಗದದ ಬುಟ್ಟಿಗೆ ಹಾಕಿದರೆ ಕಾಗದವೇ ಎಲ್ಲಕ್ಕಿಂತ ಭಾರ. ಸಾಹೇಬರು ವರದಿಯನ್ನು ಟೈಪ್ ಮಾಡಿಸಿ, ಅಧ್ಯಕ್ಷರ ಮೇಜಿಗೆ ಕಳಿಸಿದರು. ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಅವರಿಗೆ ತಪ್ಪು ಹೊಳೆಯಿತಂತೆ. ಮರುದಿನ ಬೆಳಿಗ್ಗೆ ನನಗಿಂತ ಮುಂಚೆ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು.

"ಸುಮಿತ್ರಾ, ನಾವು ಕಸ ತೂಗಲಿಲ್ಲ, ಮಳೆ ತೂಗಿದೆವು" ಎಂದರು. ಆಮೇಲೆ ಅವರೇ ಅಧ್ಯಕ್ಷರ ಕೋಣೆಗೆ ಹೋಗಿ ವರದಿ ವಾಪಸು ಕೇಳಿ ತಂದರು. ಮೇಲಧಿಕಾರಿಯೊಬ್ಬರು ತಮ್ಮ ತಪ್ಪನ್ನು ಹೀಗೆ ಹೋಗಿ ತೆಗೆದುಕೊಂಡು ಬಂದದ್ದನ್ನು ನಾನು ಮತ್ತೆ ನೋಡಲಿಲ್ಲ.

ಮಳೆ ನಿಂತ ಮೇಲೆ ಮತ್ತೆ ಮಾಡಿದೆವು. ಆಗ ಇನ್ನೊಂದು ಸೋಜಿಗ. ಇಗರ್ಜಿ ಎಂದರೆ ಚರ್ಚು; ಅದರ ಹಿಂದಿನ ವಾಡೊ, ಅಂದರೆ ಕೇರಿ, ಅಲ್ಲಿಯ ಮನೆಗಳ ಕಸದಲ್ಲಿ ಊಟ ಉಳಿದದ್ದು, ತರಕಾರಿ ಸಿಪ್ಪೆ, ಮೀನಿನ ತಲೆ ಏನೂ ಇಲ್ಲ. ಬರೀ ಮಣ್ಣು, ಒಡೆದ ಪಿಂಗಾಣಿ, ತಗಡಿನ ಡಬ್ಬಿ. ನಾವು ಬಿಡಿಸುವುದರಲ್ಲೇ ಏನೋ ಎಡವಟ್ಟಾಗಿದೆ ಎಂದು ಸಾಹೇಬರು ನನ್ನನ್ನು ಅಲ್ಲಿಗೆ ಕಳಿಸಿದರು. ಮೊದಲ ಮನೆಯೇ ಫಿಲೋಮಿನಾ ಬಾಯಿಯದು. ಗಂಡ ಹಡಗಿನಲ್ಲಿ ತೀರಿಕೊಂಡಿದ್ದರು, ಬಾಯಿ ಜಗಲಿಯಲ್ಲಿ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ನನ್ನ ಪ್ರಶ್ನೆ ಕೇಳಿ ಹೊಲಿಗೆ ಯಂತ್ರ ನಿಲ್ಲಿಸಿ, ನನ್ನ ಕೈ ಹಿಡಿದು ಹಿತ್ತಲಿಗೆ ಕರೆದುಕೊಂಡು ಹೋದರು. ಅಲ್ಲಿ ಹಂದಿಗಳು. ಉಂಡು ಮಿಕ್ಕದ್ದೆಲ್ಲ ಅವಕ್ಕೆ. ಸಿಪ್ಪೆ, ಎಲೆ ತೆಂಗಿನ ಬುಡಕ್ಕೆ. ಕಾಗದ, ಚಿಪ್ಪು ನೀರು ಕಾಯಿಸುವ ಒಲೆಗೆ. ಬಾಟಲಿ ಕೊಳ್ಳಲು ಸೈಕಲ್ಲಿನವನು ಬರುತ್ತಾನೆ.

"ಇಷ್ಟೂ ಆದ ಮೇಲೆ ಏನುಳಿಯುತ್ತದೋ ಅದು ನಿಮ್ಮ ಪುರಸಭೆಗೆ" ಎಂದು ಕೊಂಕಣಿಯಲ್ಲಿ ಹೇಳಿ ನಕ್ಕರು.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇದೇ: ಚೀಲದಲ್ಲಿ ಏನಿದೆ ಎಂದು ನೋಡಿ, ಏನಿಲ್ಲ ಎಂಬುದನ್ನೂ ಹೋಗಿ ಕೇಳಿ. ಯಾಕೆಂದರೆ ಕೆಲವೇ ವರ್ಷಗಳಲ್ಲಿ ಅದೇ ವಾಡೊದ ಕಸ ಗುರುತು ಸಿಗದಂತಾಯಿತು. ಗ್ಯಾಸು ಬಂತು, ಬಚ್ಚಲ ಒಲೆ ಹೋಯಿತು. ಹಂದಿಗಳೇ ಚೊಕ್ಕಟ ಮಾಡುತ್ತಿದ್ದ ಹಳೆಯ ಸಂಡಾಸು ಕೆಡವಿ ಹೊಸದು ಕಟ್ಟಿಸಿದರು, ಹಂದಿ ಮಾರಿದರು. ಹಿತ್ತಲು ಇದ್ದ ಕಡೆ ಬಿಲ್ಡಿಂಗು ಎದ್ದವು. ಹಾಲು ಪ್ಲಾಸ್ಟಿಕ್ ಚೀಲದಲ್ಲಿ ಬರತೊಡಗಿತು, ಮೀನು ಕೂಡ. ಮೊದಲು ಪ್ಲಾಸ್ಟಿಕ್ಕಿಗೆಂದು ನಾವು ಬುಟ್ಟಿಯನ್ನೇ ಇಟ್ಟಿರಲಿಲ್ಲ, 'ಇತರೆ' ಎಂಬುದರಲ್ಲಿ ಹಾಕುತ್ತಿದ್ದೆವು. ತೊಂಬತ್ತರ ದಶಕ ಬಂದು ಸ್ವಲ್ಪ ಕಾಲಕ್ಕೆ ಅದಕ್ಕೇ ದೊಡ್ಡ ಬುಟ್ಟಿ ಬೇಕಾಯಿತು.

ಇನ್ನು ಫಕೀರವ್ವನ ವಿಷಯ.

ಕಸ ಬಿಡಿಸಲು ಸಾಹೇಬರು ದಿನಗೂಲಿಯ ಮೇಲೆ ಕೆಲವು ಹೆಂಗಸರನ್ನು ಇಟ್ಟುಕೊಂಡಿದ್ದರು. ಎಲ್ಲರೂ ನಮ್ಮ ಕಡೆಯವರೇ. ಗಂಡಸರು ಕಟ್ಟಡದ ಕೆಲಸಕ್ಕೆ, ಬಂದರಿಗೆ ಹೋದರೆ ಹೆಂಗಸರು ಸಿಕ್ಕ ಕೆಲಸ ಹಿಡಿಯುತ್ತಿದ್ದರು. ಅವರಲ್ಲಿ ಫಕೀರವ್ವ ರೋಣದ ಕಡೆಯವಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಕೆಲಸದಲ್ಲಿ ಅಂಥ ಚುರುಕೇನಲ್ಲ. ಹರಿದ ಸೀರೆ ಸಿಕ್ಕರೆ ಎತ್ತಿ ಹಿಡಿದು, "ಬಾಯಾರ, ಇದರ ಅಂಚ ನೋಡ್ರಿ, ಎಂಥಾ ಚಲೋ ಐತಿ" ಎಂದು ಕೂತುಬಿಡುತ್ತಿದ್ದಳು. ಜಗಳ ತೆಗೆಯುವುದರಲ್ಲಿ ಮುಂದು. ಒಮ್ಮೆ ಚಿಂದಿಯಲ್ಲಿ ಸುತ್ತಿದ್ದ ಬ್ಲೇಡು ಅವಳ ಅಂಗೈ ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದವಳೇ ಆ ಮನೆ ಯಾವುದೆಂದು ಪತ್ತೆ ಹಚ್ಚಿ, ಕಟ್ಟಿದ ಕೈಯನ್ನೇ ತೋರಿಸಿಕೊಂಡು ಹೋಗಿ ಬಾಗಿಲು ಬಡಿದಳು. ಬೈದು ಬರುತ್ತಾಳೆಂದು ನಾನು ಹೆದರಿ ಹಿಂದೆ ಓಡಿದೆ. ಹೋಗಿ ನೋಡಿದರೆ ಇವಳು ಅವರ ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದಾಳೆ. ಮನೆಯಾತ ತಲೆ ತಗ್ಗಿಸಿ ನಿಂತಿದ್ದಾನೆ. ಆ ಮನೆಯಿಂದ ಮುಂದೆ ಬ್ಲೇಡು ಬೇರೆ ಡಬ್ಬಿಯಲ್ಲೇ ಬರುತ್ತಿತ್ತು.

ಅವಳ ಕೊಂಕಣಿ ಅರ್ಧ ಕನ್ನಡ, ಅರ್ಧ ಹಿಂದಿ. ಆದರೂ ಜನ ಅವಳ ಮಾತು ಕೇಳುತ್ತಿದ್ದರು. ಇದನ್ನು ಗಮನಿಸಿದ್ದು ಶಿರೋಡ್ಕರ್ ಸಾಹೇಬರು. ನಮ್ಮ ಸಮೀಕ್ಷೆಯಿಂದ ಒಂದು ಮಾತು ಸ್ಪಷ್ಟವಾಗಿತ್ತು. ಕಸದಲ್ಲಿ ಬಹುಪಾಲು ಹಸಿ, ಗೊಬ್ಬರವಾಗುವಂಥದು. ಒಣದರಲ್ಲಿ ಬಹುಪಾಲು ಮಾರುವಂಥದು. ಎರಡೂ ಒಂದೇ ಡಬ್ಬಿಯಲ್ಲಿ ಸೇರಿದರೆ ಎರಡೂ ಕೆಡುತ್ತವೆ. ಹಾಗಾದರೆ ಮನೆಯಲ್ಲೇ ಎರಡು ಬಕೆಟ್ಟು ಇಡಿಸಿದರೆ? ಒಂದು ಕೇರಿಯಲ್ಲಿ ಮಾಡಿ ನೋಡೋಣ ಎಂದು, ಹಂದಿ, ಒಲೆ ಹೋಗಿ ಎಲ್ಲವೂ ಡಬ್ಬಿಗೇ ಬೀಳತೊಡಗಿದ್ದ ಇಗರ್ಜಿಯ ಹಿಂದಿನ ವಾಡೊವನ್ನೇ ಆರಿಸಿದರು. ಮನೆಮನೆಗೆ ಹೇಳಲು ಫಕೀರವ್ವ, ಜೊತೆಗೆ ನಾನು.

ಫಿಲೋಮಿನಾ ಬಾಯಿ ಒಪ್ಪಲಿಲ್ಲ. "ನಾವು ಇಲ್ಲಿ ಬೇರೆ ಇಡುತ್ತೇವೆ. ನೀವು ಆ ರಸ್ತೆ ತಿರುವಿನಲ್ಲಿ ಹೋಗಿ ಒಂದಕ್ಕೇ ಸುರಿಯುತ್ತೀರಿ. ಸರ್ಕಾರದ ಕೆಲಸ ನಾನು ನೋಡಿಲ್ಲವೇ?"

ಫಕೀರವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. "ಬಾಯಿ, ಸರಕಾರ ನನಗ ಗೊತ್ತಿಲ್ರಿ. ನಾ ಗೊತ್ತಲ್ಲ ನಿಮಗ? ನೀವು ಬ್ಯಾರೆ ಇಡ್ರಿ, ನಾ ಬ್ಯಾರೆ ಒಯ್ತೀನಿ. ಸುಳ್ಳಾದ್ರ ನನ್ನ ಮಾರಿ ಮ್ಯಾಲೆ ಸುರೀರಿ."

ನಾನು ಅದನ್ನು ಕೊಂಕಣಿಯಲ್ಲಿ ಹೇಳಿದೆ. ಮರುದಿನ ಬಾಯಿ ಎರಡು ಬಕೆಟ್ಟು ಇಟ್ಟಿದ್ದರು. ಫಕೀರವ್ವ ಕೈಗಾಡಿ ತಳ್ಳಿಕೊಂಡು ಹೊರಟರೆ ಬಾಯಿ ಛತ್ರಿ ಬಿಚ್ಚಿಕೊಂಡು ಅವಳ ಹಿಂದೆಯೇ ನಡೆದರು, ಬಿಸಿಲಲ್ಲಿ, ಊರ ಹೊರಗೆ ಗೊಬ್ಬರಕ್ಕೆಂದು ಮಾಡಿದ ಅಂಗಳದವರೆಗೆ. ಹಸಿ ಒಂದು ಕಡೆ, ಒಣ ಒಂದು ಕಡೆ ಬಿದ್ದದ್ದನ್ನು ಕಣ್ಣಾರೆ ಕಂಡು, ರಿಕ್ಷಾ ಹಿಡಿದು ಮನೆಗೆ ಹೋದರು. ಆ ಸಂಜೆ ವಾಡೊದ ಮನೆಗಳಿಗೆಲ್ಲ ಹೇಳಿಬಂದವರು ಅವರೇ. ನಮಗೆ ಇನ್ನೇನೂ ಹೇಳುವ ಕೆಲಸ ಉಳಿಯಲಿಲ್ಲ.

ಆ ಒಂದೆರಡು ವರ್ಷ ನನ್ನ ವೃತ್ತಿಯಲ್ಲಿ ನಾನು ಸುಖವಾಗಿದ್ದ ಕಾಲ. ಹಸಿ ಕಸದ ರಾಶಿಗೆ ಕೈ ಹಾಕಿದರೆ ಒಳಗೆ ಕಾವು. ತಿರುವಿ ಹಾಕಿ, ನೀರು ಚಿಮುಕಿಸಿ, ಕಾದು ಕೂತರೆ ಕೊನೆಗೆ ಕೈಗೆ ಬರುತ್ತಿದ್ದದ್ದು ಕಪ್ಪು ಮಣ್ಣು, ಮೊದಲ ಮಳೆಯ ವಾಸನೆ ಅದಕ್ಕೆ. ಸಾಂಗೆಯ ಕಡೆಯ ತೋಟದವರು ಬಂದು ಒಯ್ಯುತ್ತಿದ್ದರು. ಫಿಲೋಮಿನಾ ಬಾಯಿಗೆ ಮೆಣಸಿನ ಗಿಡಕ್ಕೆಂದು ಒಂದು ಚೀಲವನ್ನು ಫಕೀರವ್ವ ತಾನೇ ಹೊತ್ತು ಕೊಟ್ಟುಬಂದಳು. ಬಾಯಿ ಅವಳಿಗೊಂದು ಕುಪ್ಪಸ ಹೊಲಿದುಕೊಟ್ಟರು. ಅಪ್ಪ ಒಮ್ಮೆ ಅಂಗಳ ನೋಡಲು ಬಂದು, ಗೊಬ್ಬರವನ್ನು ಬೆರಳಲ್ಲಿ ಉಜ್ಜಿ ನೋಡಿ, "ಹೊಲಕ್ಕ ಚಲೋ ಆಕ್ಕೈತಿ" ಎಂದ. ಅಷ್ಟೇ ಹೇಳಿದ್ದು. ನನಗೆ ಸಾಕಾಗಿತ್ತು.

ಆಮೇಲೆ ಶಿರೋಡ್ಕರ್ ಸಾಹೇಬರಿಗೆ ವರ್ಗವಾಯಿತು.

ಹೊಸದಾಗಿ ಬಂದ ಅಧಿಕಾರಿ ಕೆಟ್ಟವರಲ್ಲ. ಓದಿದವರು, ಚುರುಕು, ಊರನ್ನು ಬೇಗ ಚೊಕ್ಕಟ ಮಾಡಬೇಕೆಂಬ ಹಂಬಲ ಇದ್ದವರು. ಒಂದು ಕೇರಿಯ ಕೈಗಾಡಿಯಿಂದ ಊರು ಚೊಕ್ಕಟವಾಗುವುದಿಲ್ಲ ಎಂದು ಅವರ ಅಭಿಪ್ರಾಯ. ಕಸ ಸುಡುವ ಯಂತ್ರವೊಂದನ್ನು ತರಿಸುವುದೆಂದು ತೀರ್ಮಾನವಾಯಿತು. ತರಿಸಿದರು. ಸಿಮೆಂಟಿನ ಕಟ್ಟೆಯ ಮೇಲೆ ಎತ್ತರದ ಚಿಮಣಿ. ಊರಿನ ಕಸ ಹಾಕಿ ಬೆಂಕಿ ಕೊಟ್ಟರೆ ಅದು ಉರಿಯಲೊಲ್ಲದು. ಸುಂಯ್ ಎಂದು ಹೊಗೆಯಾಡಿ ಆರಿಹೋಗುತ್ತಿತ್ತು.

ಸಭೆ ಕರೆದರು. ಕಸದ ಪರೀಕ್ಷೆ ಮಾಡಿದವಳು ಎಂದು ನನ್ನನ್ನೂ ಕರೆಸಿದರು. ಏಕೆ ಉರಿಯುತ್ತಿಲ್ಲ ಎಂದು ಹೊಸ ಸಾಹೇಬರು ಕೇಳಿದರು.

"ಅಡಿಗೆಮನೆಯ ಕಸದಲ್ಲಿ ನೀರು ಬಹಳ ಸರ್. ತಾನಾಗಿ ಉರಿಯುವುದಿಲ್ಲ" ಎಂದೆ.

"ಮತ್ತೆ ಉರಿಯುವಂಥದು ಯಾವುದು?"

"ಕಾಗದ, ಚಿಪ್ಪು, ಪ್ಲಾಸ್ಟಿಕ್ಕು. ಆದರೆ ಅವನ್ನು ಸುಡಬಾರದು ಸರ್, ಅವೆಲ್ಲ ಮತ್ತೆ ಬಳಕೆಗೆ ಬರುವಂಥವು. ಪ್ಲಾಸ್ಟಿಕ್ಕಿನ ಹೊಗೆಯಂತೂ..."

ನನ್ನ ಮಾತಿನ ಮೊದಲ ಅರ್ಧ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು. ಎರಡನೆಯ ಅರ್ಧ ಯಾರಿಗೂ ಕೇಳಿಸಲಿಲ್ಲ. ಸಾಹೇಬರು ಆಗಲೇ ಎಂಜಿನಿಯರರ ಕಡೆ ತಿರುಗಿದ್ದರು. "ಹಾಗಾದರೆ ಸುಲಭವಾಯಿತಲ್ಲ. ಇಗರ್ಜಿಯ ಹಿಂದಿನ ಕೇರಿಯಿಂದ ಒಣಕಸ ಬೇರೆ ಬರುತ್ತಿದೆ. ಅದನ್ನು ಹಸಿಯ ಜೊತೆ ಸೇರಿಸಿ ಹಾಕಿ." ಸಭೆ ಮುಗಿದ ಮೇಲೆ ಅವರ ಕೋಣೆಗೆ ಹೋಗಿ, ಜನ ನಂಬಿಕೆಯಿಂದ ಬೇರೆ ಮಾಡಿಟ್ಟದ್ದನ್ನು ಕೂಡಿಸುವುದು ಸರಿಯಲ್ಲ ಎಂದೆ. "ನಿಮ್ಮದೇ ವರದಿಯ ಮೇಲೆ ತಾನೇ ಮಾಡುತ್ತಿರುವುದು?" ಎಂದು ಅವರು ನಿಜವಾಗಿ ಆಶ್ಚರ್ಯಪಟ್ಟರು. ನನ್ನ ಮಾತನ್ನು ಬರೆದೂ ಕೊಟ್ಟೆ. ಶಿರೋಡ್ಕರ್ ಸಾಹೇಬರಿಗೆ ಫೋನು ಮಾಡಿದೆ. ಅವರು, "ಈಗ ಅದು ನನ್ನ ಕಚೇರಿ ಅಲ್ಲ, ಸುಮಿತ್ರಾ" ಎಂದರು.

ಕೈಗಾಡಿ ಹೋಗಿ ಟೆಂಪೋ ಬಂತು. ಬಕೆಟ್ಟು ಎರಡಾದರೂ ಟೆಂಪೋ ಒಂದೇ. ಮೊದಲ ದಿನ ಫಕೀರವ್ವ ಡ್ರೈವರನೊಡನೆ ಜಗಳಕ್ಕೆ ನಿಂತಳು. ಹುಕುಂ ಇದೆ ಎಂದ ಅವನು. ಅವಳು ನನ್ನ ಹತ್ತಿರ ಬಂದಳು.

"ಖರೇನ್ರಿ ಬಾಯಾರ?"

"ಖರೇ ಐತಿ ಫಕೀರವ್ವಾ. ನಾ ಹೇಳಿದೆ, ಕೇಳಲಿಲ್ಲ."

"ನೀವು ಸಾಹೇಬರಿಗೆ ಹೇಳಿದ್ರಿ. ನಾ ವಾಡೊದವರಿಗೆ ಏನ ಹೇಳ್ಲಿ?"

ಕೆಲಸ ಬಿಡುವ ಹಾಗಿರಲಿಲ್ಲ ಅವಳಿಗೆ, ಆ ವರ್ಷ ಗಂಡ ಕಟ್ಟಡದಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಕೆಲವು ದಿನ ಅವಳು ಮನೆಗಳಿಂದ ಬಕೆಟ್ಟು ತೆಗೆದುಕೊಂಡು, ತಿರುವು ದಾಟಿ, ಯಾರಿಗೂ ಕಾಣದ ಕಡೆ ಟೆಂಪೋ ನಿಲ್ಲಿಸಿ ಅಲ್ಲಿ ಸುರಿದಳು. ಯಾರಾದರೂ ಕೇಳಿದರೆ, "ಬ್ಯಾರೇನ ಹೊಂಟೇತ್ರಿ" ಎನ್ನುತ್ತಿದ್ದಳು. ಬಡಿದಾಡಿ ಮಾತಾಡುತ್ತಿದ್ದವಳು ತಲೆ ಎತ್ತದೆ ಮಾತಾಡತೊಡಗಿದಳು.

ಒಂದು ಬೆಳಿಗ್ಗೆ ಫಿಲೋಮಿನಾ ಬಾಯಿ ಬ್ರೆಡ್ಡು ತರಲು ಹೋದವರು ಆ ತಿರುವಿನಿಂದಲೇ ಬಂದರು. ನಾನೂ ಅಲ್ಲಿದ್ದೆ. ಬಾಯಿಯ ಮನೆಯದೇ ಬಕೆಟ್ಟುಗಳು ಫಕೀರವ್ವನ ಕೈಯಲ್ಲಿದ್ದವು, ಒಂದು ಸುರಿದಾಗಿತ್ತು, ಇನ್ನೊಂದು ಅರ್ಧ.

ಬಾಯಿ ಕೂಗಾಡಲಿಲ್ಲ. ಹತ್ತಿರ ಬಂದು ಟೆಂಪೋದೊಳಗೆ ನೋಡಿದರು. ತಾವು ತೊಳೆದು ಒಣಗಿಸಿ ಮಡಿಸಿಟ್ಟಿದ್ದ ಹಾಲಿನ ಚೀಲಗಳ ಮೇಲೆ ಮೀನಿನ ನೀರು ಹರಿಯುತ್ತಿತ್ತು.

"ಎಷ್ಟು ದಿನದಿಂದ ಹೀಗೆ ಫಕೀರವ್ವಾ?" ಎಂದು ಕೇಳಿದರು.

ಫಕೀರವ್ವ ಬಕೆಟ್ಟು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ನಾನು ಹುಕುಮಿನ ವಿಷಯ, ಯಂತ್ರದ ವಿಷಯ, ಇದು ಅವಳ ತಪ್ಪಲ್ಲ ಎಂಬುದನ್ನೆಲ್ಲ ಕೊಂಕಣಿಯಲ್ಲಿ ಹೇಳಿದೆ. ಬಾಯಿ ಕೇಳಿಸಿಕೊಂಡರು. ಎರಡೂ ಬಕೆಟ್ಟುಗಳನ್ನು ತಾವೇ ಎತ್ತಿಕೊಂಡು ಮನೆಯ ಕಡೆ ನಡೆದರು. ಮರುದಿನ ಅವರ ಗೇಟಿನ ಹೊರಗೆ ಇದ್ದದ್ದು ಒಂದೇ ಬಕೆಟ್ಟು. ವಾರ ಕಳೆಯುವುದರೊಳಗೆ ಇಡೀ ವಾಡೊದಲ್ಲಿ ಒಂದೊಂದೇ ಬಕೆಟ್ಟು. ಫಕೀರವ್ವ ಕೆಲಸಕ್ಕೆ ಬರುವುದನ್ನು ಬಿಟ್ಟಳು.

ಯಂತ್ರ ಕೆಲವು ತಿಂಗಳು ಕರಿ ಹೊಗೆ ಬಿಟ್ಟಿತು. ಅಕ್ಕಪಕ್ಕದವರು ತಕರಾರು ತೆಗೆದರು. ಕಡಲ ಉಪ್ಪುಗಾಳಿಗೆ ತಗಡು ತುಕ್ಕು ಹಿಡಿಯಿತು, ನಿಲ್ಲಿಸಿದರು. ಗೊಬ್ಬರದ ಅಂಗಳದಲ್ಲಿ ಎಲ್ಲ ಕೂಡಿಸಿದ ಕಸ ಬಂದು ಬೀಳತೊಡಗಿತು. ಆ ಅಧಿಕಾರಿಯೂ ವರ್ಗವಾಗಿ ಹೋದರು. ನಾನು ಕಸ ಬಿಡಿಸುತ್ತಲೇ ಇದ್ದೆ. ಪ್ರತಿ ಸಮೀಕ್ಷೆಯ ಕೊನೆಗೂ, ಮನೆಯಲ್ಲೇ ಬೇರೆ ಮಾಡಿದರೆ ಒಳ್ಳೆಯದು ಎಂದು ಬರೆಯುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಒಬ್ಬ ಯುವ ಅಧಿಕಾರಿ ಬಂದರು. ನನ್ನ ಹಳೆಯ ವರದಿಗಳನ್ನೆಲ್ಲ ಓದಿ, ಎರಡು ಬಕೆಟ್ಟಿನ ಕೆಲಸವನ್ನು ಅದೇ ವಾಡೊದಿಂದ ಮತ್ತೆ ಶುರು ಮಾಡೋಣ ಎಂದರು. ಈ ಸಲ ಗಾಡಿ ಎರಡು, ಅದನ್ನು ಕಾಗದದ ಮೇಲೆ ಹಾಕಿಸಿಯೇ ಶುರು ಮಾಡುವುದು. ನನಗೆ ಮೊದಲು ನೆನಪಾದದ್ದು ಫಕೀರವ್ವ. ಕೇಳುತ್ತ ಕೇಳುತ್ತ ಹೋದೆ. ಕಡಲ ದಂಡೆಯಲ್ಲಿ ಮಣಿಸರ, ಬಣ್ಣದ ಬಟ್ಟೆ ಮಾರಿಕೊಂಡಿದ್ದಳು. ಆ ವಯಸ್ಸಿಗೇ ತಲೆಗೂದಲು ನೆರೆಯತೊಡಗಿತ್ತು. ನನ್ನನ್ನು ಕಂಡು ಬುಟ್ಟಿ ಇಳಿಸಿ, ಮರಳಿನ ಮೇಲೆ ಟವೆಲ್ಲು ಹಾಸಿ ಕೂರಿಸಿದಳು. ಎಳನೀರು ತರಿಸಿದಳು. ಎಲ್ಲ ಕೇಳಿದ ಮೇಲೆ ತಲೆ ಅಲ್ಲಾಡಿಸಿದಳು.

"ಬ್ಯಾಡ್ರಿ ಬಾಯಾರ. ನೀವು ಕರದ್ರಿ, ಅದ ದೊಡ್ಡದು."

"ಈ ಸಲ ಗಾಡಿ ಬ್ಯಾರೆ ಬ್ಯಾರೆ ಐತಿ. ನಾ ಕಣ್ಣಿಂದ ನೋಡೇನಿ."

"ಇರಬಹುದ್ರಿ. ಆದ್ರ ಆ ಫಿಲೋಮಿನಾ ಬಾಯಿ ಗೇಟಿನ ಮುಂದ ನಾ ಹೆಂಗ ನಿಂದರ್ಲಿ? ಬೈದಿದ್ರ ನಿಂತ ಬಿಡ್ತಿದ್ದೆ. ಬೈಲಿಲ್ರಿ ಆಕಿ. ಬಕೆಟ್ಟ ತಗೊಂಡ ಹ್ವಾದ್ಲು."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಹೊರಡುವಾಗ ಒಂದು ಮಣಿಸರವನ್ನು ಕೈಯಲ್ಲಿಟ್ಟು, ದುಡ್ಡು ಮುಟ್ಟಲಿಲ್ಲ.

ಬೇರೆ ಇಬ್ಬರು ಹೆಂಗಸರನ್ನು ಕರೆದುಕೊಂಡು ನಾನೇ ವಾಡೊಗೆ ಹೋದೆ. ಫಿಲೋಮಿನಾ ಬಾಯಿಗೆ ವಯಸ್ಸಾಗಿತ್ತು, ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿದ್ದರು. ಕೋಲು ಹಿಡಿದು ಗೇಟಿನವರೆಗೆ ಬಂದು ನನ್ನ ಮಾತನ್ನು ಪೂರ್ತಿ ಕೇಳಿದರು. ನನ್ನ ಹಿಂದೆ ನಿಂತಿದ್ದ ಹೆಂಗಸರ ಮುಖ ಒಂದೊಂದಾಗಿ ನೋಡಿದರು.

"ಫಕೀರವ್ವ ಎಲ್ಲಿ?"

"ಅವಳು ಬರುವುದಿಲ್ಲ ಎಂದಳು ಬಾಯಿ. ನಿಮಗೆ ಮುಖ ತೋರಿಸಲು ಆಗುವುದಿಲ್ಲವಂತೆ."

ಬಾಯಿ ಗೇಟಿನ ಸರಳು ಹಿಡಿದು ನಿಂತರು. "ನಾನು ಅವಳ ಮೇಲೆ ಯಾವಾಗ ಸಿಟ್ಟಾದೆ? ಹುಚ್ಚಿ. ಹೋಗಿ ಹೇಳಿ, ನಾನು ಕರೆದೆ ಅಂತ. ಅವಳು ಬಂದರೆ ನಾಳೆಯೇ ಎರಡು ಇಡುತ್ತೇನೆ. ಅವಳಿಲ್ಲದೆ ನಿಮ್ಮ ಯೋಜನೆ ನನಗೆ ಬೇಡ."

ನಾನು ಆ ವಾರವೇ ದಂಡೆಗೆ ಓಡಿದೆ. ಮಳೆ ಹಿಡಿದುಬಿಟ್ಟಿತ್ತು. ಪ್ರವಾಸಿಗಳಿಲ್ಲ, ಗೂಡಂಗಡಿಗಳಿಗೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತಿದ್ದರು. ಅಲ್ಲಿದ್ದ ನಮ್ಮ ಕಡೆಯ ಹೆಂಗಸೊಬ್ಬಳು, "ಫಕೀರವ್ವ ನಿನ್ನೆ ಊರಿಗೆ ಹ್ವಾದ್ಲರಿ. ಗಂಡಗ ಆರಾಮಿಲ್ಲ. ಏನರ ಹೇಳೂದಿತ್ತೇನ್ರಿ?" ಎಂದಳು.

"ಫಿಲೋಮಿನಾ ಬಾಯಿ ಸಿಟ್ಟಾಗಿಲ್ಲಂತ ಹೇಳು. ಕರ್ಯಾಕತ್ತಾರಂತ ಹೇಳು."

ಹೇಳುತ್ತೇನೆಂದು ಅವಳು ತಲೆಯಾಡಿಸಿ ಮತ್ತೆ ಹಗ್ಗ ಬಿಗಿಯತೊಡಗಿದಳು. ಮಾತು ತಲುಪಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಮಳೆಗಾಲ ಮುಗಿದು ಮಣಿಸರದವರೆಲ್ಲ ದಂಡೆಗೆ ಮರಳಿದರು, ಫಕೀರವ್ವ ಬರಲಿಲ್ಲ. ರೋಣದ ಕಡೆ ಯಾವ ಹಳ್ಳಿ ಎಂದು ನಾನು ಎಂದೂ ಕೇಳಿರಲಿಲ್ಲ. ವಾಡೊದಲ್ಲಿ ಎರಡು ಬಕೆಟ್ಟಿಗೆ ಒಪ್ಪಿದ ಮನೆಗಳು ಸಾಲದೆ ಎರಡು ಗಾಡಿಯ ಕೆಲಸವನ್ನು ಬೇರೆ ಕೇರಿಗೆ ಒಯ್ದರು. ಫಿಲೋಮಿನಾ ಬಾಯಿ ಇರುವವರೆಗೂ, ನಾನು ಆ ದಾರಿಯಲ್ಲಿ ಹೋದಾಗಲೆಲ್ಲ ಗೇಟಿನವರೆಗೆ ಬಂದು, "ಬಂದಳಾ?" ಎಂದು ಕೇಳುತ್ತಿದ್ದರು.